ಹಡಗು ಬಾರದ ದಿನದ ಕೂಲಿ ಯಾರು ಕೊಡಬೇಕು? ಮಲೇಷ್ಯಾದ ಬಂದರು ಕಾರ್ಮಿಕರ ನೂರಿಪ್ಪತ್ತು ವರ್ಷದ ಲೆಕ್ಕ

ಜೆಬೆಲ್ ಅಲಿ, ದಮ್ಮಾಮ್, ಶುವೈಖ್, ಸೊಹಾರ್ ಬಂದರುಗಳಲ್ಲಿ ದುಡಿಯುವ ನಮ್ಮವರಿಗೆ ಕಂಟೇನರ್, ಕ್ರೇನ್, ಟ್ರೇಲರ್ ಹೊಸದಲ್ಲ. ಸಪ್ಲೈ ಕಂಪನಿಯ ಮೂಲಕ ಬಂದವರಿಗೆ ಇನ್ನೊಂದು ವಿಷಯವೂ ಹೊಸದಲ್ಲ: ಕೆಲಸ ಇದ್ದ ದಿನ ಸಂಬಳ, ಇಲ್ಲದ ದಿನ ರೂಮಿನಲ್ಲಿ ಕೂತುಕೊಳ್ಳುವುದು. ಕೂತ ದಿನದ ದುಡ್ಡು ಯಾರು ಕೊಡಬೇಕು ಅನ್ನುವ ಜಗಳ ಬಹಳ ಹಳೆಯದು. ಈ ಜಗಳ ಎಲ್ಲಕ್ಕಿಂತ ಹೆಚ್ಚಾಗಿ ನಡೆದದ್ದು ಬಂದರುಗಳಲ್ಲಿ. ಯಾಕೆಂದರೆ ಹಡಗು ಯಾವತ್ತೂ ಹಾಜರಿ ಪುಸ್ತಕ ನೋಡಿಕೊಂಡು ಬರುವುದಿಲ್ಲ.

ಮಲೇಷ್ಯಾದ ಬಂದರುಗಳ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಧಕ್ಕೆಗಳಲ್ಲಿ ಚೀನೀಯರು ಮತ್ತು ಮಲಯರ ಜೊತೆ ದಕ್ಷಿಣ ಭಾರತದವರೂ ದುಡಿದಿದ್ದಾರೆ. ಇವತ್ತೂ ಮಲೇಷ್ಯಾಕ್ಕೆ ಕೆಲಸಕ್ಕೆ ಹೋಗುವ ಭಾರತೀಯರಿದ್ದಾರೆ. ಗಲ್ಫಿನಲ್ಲಿ ಇರುವವರಿಗೂ ಅಲ್ಲಿ ನಡೆದದ್ದರಿಂದ ತಿಳಿಯುವುದು ಸಾಕಷ್ಟಿದೆ.

ಜ್ವರದ ನಡುವೆ ಹುಟ್ಟಿದ ಬಂದರು

ಇವತ್ತಿನ ಪೋರ್ಟ್ ಕ್ಲಾಂಗ್ ಬಂದರಿನ ಹಳೆಯ ಹೆಸರು ಪೋರ್ಟ್ ಸ್ವೆಟೆನ್‌ಹ್ಯಾಮ್. ಬ್ರಿಟಿಷ್ ಅಧಿಕಾರಿ ಫ್ರಾಂಕ್ ಸ್ವೆಟೆನ್‌ಹ್ಯಾಮ್ ಹೆಸರಿನಲ್ಲಿ 1901ರ ಸೆಪ್ಟೆಂಬರಿನಲ್ಲಿ ಅದು ಶುರುವಾಯಿತು. ಕ್ವಾಲಾಲಂಪುರದ ಸುತ್ತಿನ ತವರವನ್ನು, ಆಮೇಲೆ ಎಸ್ಟೇಟುಗಳ ರಬ್ಬರನ್ನು ರೈಲಿನಲ್ಲಿ ತಂದು ಹಡಗಿಗೆ ಹಾಕುವುದೇ ಇದರ ಉದ್ದೇಶ. ಬಂದರಿನ ಆಡಳಿತವೂ ರೈಲ್ವೆಯದ್ದೇ.

ಜಾಗ ಮಾತ್ರ ಕಾಂಡ್ಲಾ ಗಿಡಗಳ ಜೌಗು. ಬಂದರು ತೆರೆದ ಕೆಲವೇ ವಾರಗಳಲ್ಲಿ ಮಲೇರಿಯಾ ಎಷ್ಟು ಜೋರಾಯಿತೆಂದರೆ ಬಂದರನ್ನೇ ಮುಚ್ಚುವ ಮಾತು ಬಂತು. ಆಗ ಕ್ಲಾಂಗಿನಲ್ಲಿ ಸರ್ಕಾರಿ ವೈದ್ಯರಾಗಿದ್ದ ಮಾಲ್ಕಮ್ ವಾಟ್ಸನ್ ಜೌಗಿನ ನೀರು ಹರಿದುಹೋಗುವಂತೆ ಕಾಲುವೆ ತೋಡಿಸಿ, ಪೊದೆ ಕಡಿಸಿ, ಜ್ವರವನ್ನು ಹತೋಟಿಗೆ ತಂದರು. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆ ಎಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಆ ತಿಳಿವಳಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ ಗೆದ್ದ ಮೊದಲ ಜಾಗಗಳಲ್ಲಿ ಕ್ಲಾಂಗ್ ಒಂದು.

ವೈದ್ಯರ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಕೆಸರಿನಲ್ಲಿ ನಿಂತು ಆ ಕಾಲುವೆ ತೋಡಿದವರ ಹೆಸರು ಉಳಿಯಲಿಲ್ಲ.

ಬಂದವರು ಯಾರು, ಹೇಗೆ?

ಮಲೇಷ್ಯಾದ ಇನ್ನೊಂದು ದೊಡ್ಡ ಬಂದರು ಪೆನಾಂಗ್. 1786ರಿಂದಲೇ ಅದು ಬ್ರಿಟಿಷರ ಸುಂಕವಿಲ್ಲದ ಬಂದರು. ಭಾರತದಿಂದ ಹೋದ ಕೂಲಿಗಳ ಹಡಗು ಮೊದಲು ಮುಟ್ಟುತ್ತಿದ್ದದ್ದು ಅಲ್ಲಿಗೇ. ಮದ್ರಾಸಿನ ಹತ್ತಿರದ ಆವಡಿ ಮತ್ತು ನಾಗಪಟ್ಟಣದ ಡಿಪೋಗಳಲ್ಲಿ ಜನರನ್ನು ಒಟ್ಟುಮಾಡಿ, ತಪಾಸಣೆ ಮಾಡಿ ಹತ್ತಿಸುತ್ತಿದ್ದರು. 1926ರಿಂದ ಸುಮಾರು ಅರ್ಧ ಶತಮಾನ ಈ ದಾರಿಯಲ್ಲಿ ಓಡಾಡಿದ 'ರಜುಲಾ' ಹಡಗಿನ ಹೆಸರು ಮಲೇಷ್ಯಾದ ಭಾರತೀಯ ಮನೆಗಳಲ್ಲಿ ಹಿರಿಯರಿಗೆ ಇನ್ನೂ ನೆನಪಿದೆ. ಅಲ್ಲಿ ಇಳಿದ ಕೂಡಲೇ ಊರೊಳಗೆ ಬಿಡುತ್ತಿರಲಿಲ್ಲ. ಪೆನಾಂಗಿನ ಪಕ್ಕದ ಜೆರೆಜಾಕ್ ದ್ವೀಪದಲ್ಲೋ ಪೋರ್ಟ್ ಸ್ವೆಟೆನ್‌ಹ್ಯಾಮಿನ ಶಿಬಿರದಲ್ಲೋ ಕ್ವಾರಂಟೈನ್ ಮುಗಿಸಬೇಕಿತ್ತು.

ಹೋದವರಲ್ಲಿ ಹೆಚ್ಚಿನವರು ತಮಿಳರು. ತೆಲುಗರು, ಮಲಯಾಳಿಗಳೂ ಇದ್ದರು. ಆಗ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿ ಕೂಡ ಅದೇ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳು. 1910ರವರೆಗೆ ಕರಾರು ಕೂಲಿ ಪದ್ಧತಿ ನಡೆಯಿತು. ಅಂದರೆ ಪ್ರಯಾಣದ ಸಾಲ ತೀರುವವರೆಗೆ ಮಾಲೀಕನನ್ನು ಬಿಡುವಂತಿಲ್ಲ. ಇನ್ನೊಂದು ಕಂಗಾಣಿ ಪದ್ಧತಿ. ಕಂಗಾಣಿ ಅಂದರೆ ಮೇಸ್ತ್ರಿ. ಅವನೇ ತನ್ನೂರಿಗೆ ಹೋಗಿ ನೆಂಟರು, ನೆರೆಯವರನ್ನು ಕರೆತರುತ್ತಿದ್ದ. ಕರೆತಂದ ಪ್ರತಿ ತಲೆಗೂ ಅವನಿಗೆ ಕಮಿಷನ್. ವೀಸಾ ಏಜೆಂಟರ ವ್ಯವಹಾರ ಗೊತ್ತಿದ್ದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. 1938ರಲ್ಲಿ ಭಾರತ ಸರ್ಕಾರ ಈ ರೀತಿ ಕೂಲಿಗಳನ್ನು ಕಳಿಸುವುದನ್ನು ನಿಲ್ಲಿಸಿತು.

ಬಂದವರಲ್ಲಿ ಹೆಚ್ಚಿನವರು ರಬ್ಬರ್ ತೋಟಗಳಿಗೆ ಹೋದರು. ಉಳಿದವರು ರೈಲ್ವೆ, ರಸ್ತೆ, ಮುನ್ಸಿಪಾಲಿಟಿ ಮತ್ತು ಬಂದರಿನಲ್ಲಿ ಸೇರಿಕೊಂಡರು. ಬಂದರಿನಲ್ಲಿ ಯಾವ ಕೆಲಸ ಯಾರದ್ದು ಎನ್ನುವುದು ಕುಲ, ಭಾಷೆ, ಊರಿನ ಮೇಲೆ ಹಂಚಿಹೋಗಿತ್ತು. ಪೆನಾಂಗಿನ ಜಾರ್ಜ್‌ಟೌನ್ ಕಡಲಂಚಿನಲ್ಲಿ ಮರದ ಕಂಬಗಳ ಮೇಲೆ ನಿಂತಿರುವ ಕೇರಿಗಳು ಇವತ್ತೂ ಇವೆ. ಚ್ಯೂ, ಲಿಮ್, ಟ್ಯಾನ್, ಲೀ ಹೀಗೆ ಒಂದೊಂದು ಚೀನೀ ಕುಲಕ್ಕೆ ಒಂದೊಂದು ಜೆಟ್ಟಿ. ದೋಣಿಯ ಕೆಲಸವೂ ಕುಲದೊಳಗೇ. ಭಾರತೀಯರ ನೆಲೆ ಕ್ವೀನ್ ಸ್ಟ್ರೀಟಿನ ಸುತ್ತಮುತ್ತ. 1833ರಷ್ಟು ಹಳೆಯ ಮಹಾಮಾರಿಯಮ್ಮನ ಗುಡಿ ಅಲ್ಲೇ ಇದೆ. ಒಳಗಿನ ಪರಿಚಯ ಇಲ್ಲದವನಿಗೆ ಧಕ್ಕೆಯಲ್ಲಿ ಕೆಲಸ ಸಿಗುವುದು ಕಷ್ಟವಿತ್ತು.

ಧಕ್ಕೆಯ ಕೆಲಸ ಹೇಗಿತ್ತು?

ದೊಡ್ಡ ಹಡಗು ಹಲವು ಸಲ ಧಕ್ಕೆಗೆ ತಾಗುತ್ತಿರಲಿಲ್ಲ. ಆಳವಿದ್ದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಸರಕನ್ನು 'ತೊಂಗ್‌ಕಾಂಗ್' ಎಂಬ ಅಗಲ ತಳದ ದೋಣಿಗಳಲ್ಲಿ ದಡಕ್ಕೆ ತರಬೇಕು. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಬರುವ ಮೊದಲು ಮಂಗಳೂರಿನ ಹಳೆ ಬಂದರಿನಲ್ಲೂ ಇದೇ ರೀತಿ ನಡೆಯುತ್ತಿತ್ತು.

ಕೆಲಸ ನಡೆಯುತ್ತಿದ್ದದ್ದು ತಂಡಗಳಲ್ಲಿ. ಹಡಗಿನ ಹೊಟ್ಟೆಯೊಳಗೆ ಇಳಿದು ಮೂಟೆ ಜೋಡಿಸುವವರು, ವಿಂಚ್ ನಡೆಸುವವ, ಮೇಲೆ ನಿಂತು ಕೈಸನ್ನೆ ಮಾಡುವವ, ದೋಣಿಯವರು, ಧಕ್ಕೆಯಲ್ಲಿ ಹೊರುವವರು, ಎಣಿಕೆ ಬರೆಯುವ ಟ್ಯಾಲಿ ಕ್ಲರ್ಕ್. ಅಕ್ಕಿ ಮೂಟೆ, ರಬ್ಬರ್ ಬೇಲು, ತವರದ ಗಟ್ಟಿ, ಸಿಮೆಂಟು ಎಲ್ಲವೂ ಬೆನ್ನು, ಹೆಗಲು, ಕೊಕ್ಕೆಯ ಮೇಲೆಯೇ ಸಾಗಬೇಕು. ಸನ್ನೆ ಮಾಡುವವನ ಕಣ್ಣು ಒಂದು ಕ್ಷಣ ತಪ್ಪಿದರೆ ಕೆಳಗಿದ್ದವನ ಮೇಲೆ ಸರಕಿನ ಬಲೆ ಬೀಳಬಹುದು.

ಎತ್ತುವ ಭಾರಕ್ಕೆ ಮಿತಿ ಬರಲು ಬಹಳ ಕಾಲ ಹಿಡಿಯಿತು. 1929ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಂದು ಒಪ್ಪಂದ ಮಾಡಿತು: ಹಡಗಿನಲ್ಲಿ ಹೋಗುವ 1,000 ಕಿಲೋ ಅಥವಾ ಅದಕ್ಕಿಂತ ಭಾರದ ಪೆಟ್ಟಿಗೆಯ ಮೇಲೆ ತೂಕ ಬರೆದಿರಬೇಕು. ಅಂದರೆ ಎತ್ತುವವನಿಗೆ ಎಷ್ಟು ಭಾರ ಎತ್ತುತ್ತಿದ್ದೇನೆ ಅಂತ ತಿಳಿಸುವುದಕ್ಕೂ ಒಂದು ಒಪ್ಪಂದ ಬೇಕಾಯಿತು. ಒಬ್ಬ ಗಂಡಾಳು 55 ಕಿಲೋಗಿಂತ ಹೆಚ್ಚು ಹೊರಬಾರದು ಎಂಬ ಶಿಫಾರಸು ಬಂದದ್ದು 1967ರಲ್ಲಿ. ಅದೂ ಶಿಫಾರಸು ಅಷ್ಟೇ, ಕಾನೂನಲ್ಲ.

ಎಲ್ಲರ ಕಾಯುವಿಕೆಗೂ ಬೆಲೆ ಇತ್ತು, ಒಬ್ಬನದ್ದಕ್ಕೆ ಬಿಟ್ಟು

ಬಂದರಿನ ಲೆಕ್ಕದಲ್ಲಿ ಕಾಯುವುದು ಅಂದರೆ ಖರ್ಚು. ಸರಕು ಇಳಿಸಲು ಹೇಳಿದ್ದಕ್ಕಿಂತ ಹೆಚ್ಚು ದಿನ ಹಡಗು ನಿಂತರೆ ಹಡಗಿನವರಿಗೆ ಡೆಮರೇಜ್ ಕೊಡಬೇಕು. ಸರಕು ಗೋಡೌನಿನಲ್ಲಿ ಉಳಿದರೆ ಬಾಡಿಗೆ. ಬ್ಯಾಂಕಿನ ಸಾಲದಲ್ಲಿ ತಂದ ಸರಕಾದರೆ ದಿನದಿನಕ್ಕೂ ಬಡ್ಡಿ. ಕೆಲಸ ಸಿಗಬಹುದೆಂದು ಬೆಳಿಗ್ಗೆ ಐದು ಗಂಟೆಗೆ ಬಂದು ಧಕ್ಕೆಯಲ್ಲಿ ನಿಂತ ಕೂಲಿಯವನ ಕಾಯುವಿಕೆಗೆ ಮಾತ್ರ ಸೊನ್ನೆ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ದಿನಗೂಲಿ 10 ಎಂದು ಇಟ್ಟುಕೊಳ್ಳಿ. ತಿಂಗಳಲ್ಲಿ 26 ದಿನ ಒಬ್ಬ ಧಕ್ಕೆಗೆ ಹೋಗಿ ನಿಂತ, ಕೆಲಸ ಸಿಕ್ಕಿದ್ದು 14 ದಿನ. ಗಳಿಕೆ 140. ತಂಡದ ಮುಖ್ಯಸ್ಥ ನೂರಕ್ಕೆ ಹತ್ತರಂತೆ 14 ಹಿಡಿದುಕೊಂಡ. ಉಳಿದದ್ದು 126. ಇದನ್ನು ಅವನು ಹೋಗಿ ನಿಂತ 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 4.85. ಕಾಗದದ ಮೇಲೆ 10 ಇದ್ದ ಕೂಲಿ ಕೈಗೆ ಬರುವಾಗ ಅರ್ಧಕ್ಕಿಂತ ಕಡಿಮೆ. ಕೂಲಿಯ ದರ ಎಷ್ಟು ಅಂತ ಕೇಳಿದರೆ ಸಾಲದು, ಎಷ್ಟು ದಿನ ಸಿಗುತ್ತದೆ ಅಂತಲೂ ಕೇಳಬೇಕು.

ಗುತ್ತಿಗೆದಾರನಿಗೆ ಈ ಪದ್ಧತಿಯೇ ಅನುಕೂಲ. ಬೇಕಾದ್ದಕ್ಕಿಂತ ಹೆಚ್ಚು ಜನ ಧಕ್ಕೆಯಲ್ಲಿ ನಿಂತಿದ್ದರೆ ಹಡಗು ಬಂದ ಕೂಡಲೇ ಆಳು ಸಿಗುತ್ತಾರೆ, ದರವೂ ಏರುವುದಿಲ್ಲ. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಅನ್ನುವುದು ಮುಖ್ಯಸ್ಥನ ಬೆರಳಿನಲ್ಲಿ. ಆದ್ದರಿಂದ ಅವನಿಗೆ ಸಾಲ ಇಟ್ಟುಕೊಂಡವನು, ಅವನ ಅಂಗಡಿಯಲ್ಲಿ ಸಾಮಾನು ತೆಗೆದುಕೊಳ್ಳುವವನು ಮೊದಲು ಒಳಗೆ ಹೋಗುತ್ತಿದ್ದ.

ಹೋರಾಟ ಮತ್ತು ಅದರ ಬೆಲೆ

ಈ ಸೊನ್ನೆಯನ್ನು ಮೊದಲು ದೊಡ್ಡದಾಗಿ ಪ್ರಶ್ನಿಸಿದವರು 1889ರ ಲಂಡನ್ ಬಂದರು ಕಾರ್ಮಿಕರು. ಗಂಟೆಗೆ ಆರು ಪೆನ್ಸ್ ಕೂಲಿ ಅನ್ನುವ ಬೇಡಿಕೆ ಎಲ್ಲರಿಗೂ ಗೊತ್ತು. ಅದರ ಜೊತೆಗಿದ್ದ ಇನ್ನೊಂದು ಬೇಡಿಕೆ ಅಷ್ಟೇ ಮುಖ್ಯ: ಒಮ್ಮೆ ಕೆಲಸಕ್ಕೆ ಕರೆದರೆ ಕನಿಷ್ಠ ನಾಲ್ಕು ಗಂಟೆಯ ಕೂಲಿ ಕೊಡಬೇಕು. ಅರ್ಧ ಗಂಟೆ ದುಡಿಸಿ ಮನೆಗೆ ಕಳಿಸುವಂತಿಲ್ಲ. ಐದು ವಾರದ ಮುಷ್ಕರದ ನಂತರ ಎರಡೂ ಸಿಕ್ಕಿತು.

ಮಲಯಾದಲ್ಲಿ ಸಂಘ ಕಟ್ಟುವುದು ಅಷ್ಟು ಸುಲಭವಿರಲಿಲ್ಲ. 1941ರಲ್ಲಿ ಕ್ಲಾಂಗ್ ಸುತ್ತಿನ ರಬ್ಬರ್ ತೋಟಗಳ ಭಾರತೀಯ ಕಾರ್ಮಿಕರು ಮುಷ್ಕರ ಹೂಡಿದರು. ಬಂದರಿಗೆ ಬರುವ ರಬ್ಬರ್ ಈ ತೋಟಗಳದ್ದೇ. ಚೀನೀ ಕಾರ್ಮಿಕರಿಗೆ ಸಮನಾದ ಕೂಲಿ, ಮಕ್ಕಳಿಗೆ ಸರಿಯಾದ ಶಾಲೆ, ತೋಟದೊಳಗಿನ ಹೆಂಡದಂಗಡಿ ಮುಚ್ಚುವುದು, ಬಿಳಿಯ ಅಧಿಕಾರಿ ಎದುರಾದಾಗ ಸೈಕಲ್ಲಿನಿಂದ ಇಳಿಯಬೇಕೆಂಬ ಪದ್ಧತಿ ತೆಗೆಯುವುದು ಅವರ ಬೇಡಿಕೆಗಳು. ಸರ್ಕಾರ ಸೈನ್ಯ ಕರೆಸಿತು. ಗುಂಡಿಗೆ ಕಾರ್ಮಿಕರು ಬಲಿಯಾದರು. ಮುಂದಾಳು ಆರ್. ಎಚ್. ನಾಥನ್ ಅವರನ್ನು ಹಿಡಿದು ಭಾರತಕ್ಕೆ ಗಡೀಪಾರು ಮಾಡಿದರು.

ಜಪಾನಿಯರ ಆಡಳಿತ 1945ರಲ್ಲಿ ಮುಗಿದಾಗ ಅಕ್ಕಿಯ ಬೆಲೆ ಆಕಾಶ ಮುಟ್ಟಿತ್ತು, ಕೂಲಿ ಹಾಗೇ ಇತ್ತು. ಆ ಅಕ್ಟೋಬರಿನಲ್ಲಿ ಸಿಂಗಾಪುರದ ತಂಜೊಂಗ್ ಪಗಾರ್ ಧಕ್ಕೆಗಳಲ್ಲಿ ಸುಮಾರು 7,000 ಜನ ಕೆಲಸ ನಿಲ್ಲಿಸಿದರು. ಕೂಲಿಯ ಜೊತೆಗೆ ಅವರಿಗೆ ಇನ್ನೊಂದು ಕಾರಣವೂ ಇತ್ತು. ಇಂಡೋನೇಷ್ಯಾದ ಸ್ವಾತಂತ್ರ್ಯ ಹೋರಾಟ ಹತ್ತಿಕ್ಕಲು ಹೋಗುವ ಡಚ್ ಹಡಗುಗಳಿಗೆ ಸರಕು ತುಂಬಲು ಅವರು ಒಪ್ಪಲಿಲ್ಲ. ಮುಂದಿನ ಎರಡು ಮೂರು ವರ್ಷ ಮಲಯಾ ಉದ್ದಕ್ಕೂ ಮುಷ್ಕರಗಳು ನಡೆದವು.

1948ರ ಜೂನಿನಲ್ಲಿ ತುರ್ತು ಪರಿಸ್ಥಿತಿ ಬಂತು. ಎಡಪಂಥೀಯ ಸಂಘಗಳ ದೊಡ್ಡ ಒಕ್ಕೂಟದ ನೋಂದಣಿ ರದ್ದಾಯಿತು. ಅದರ ಅಧ್ಯಕ್ಷರಾಗಿದ್ದ ಎಸ್. ಎ. ಗಣಪತಿ ಎಂಬ ತಮಿಳು ನಾಯಕರನ್ನು, ಪಿಸ್ತೂಲು ಇಟ್ಟುಕೊಂಡಿದ್ದರು ಎಂಬ ಆರೋಪದ ಮೇಲೆ, 1949ರ ಮೇ 4ರಂದು ಕ್ವಾಲಾಲಂಪುರದ ಪುಡು ಜೈಲಿನಲ್ಲಿ ಗಲ್ಲಿಗೇರಿಸಿದರು. ನೆಹರೂ ಸರ್ಕಾರ ಮಾಡಿದ ಮನವಿಯೂ ನಡೆಯಲಿಲ್ಲ. ಆ ನಂತರ ಬೆಳೆದದ್ದು ಸರ್ಕಾರ ಒಪ್ಪುವ, ಕಾನೂನಿನೊಳಗೆ ಮಾತಾಡುವ ಸಂಘಗಳು. ಕೇರಳ ಮೂಲದ ಪಿ. ಪಿ. ನಾರಾಯಣನ್ ಇದೇ ದಾರಿಯಲ್ಲಿ ಬೆಳೆದು ಮುಂದೆ ಜಾಗತಿಕ ಕಾರ್ಮಿಕ ಒಕ್ಕೂಟವೊಂದರ ಅಧ್ಯಕ್ಷರೂ ಆದರು.

ಪಟ್ಟಿಯಲ್ಲಿ ಹೆಸರು ಬಂದಾಗ ಏನಾಯಿತು?

ಕಾಯುವ ದಿನದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ರಿಜಿಸ್ಟರಿನಲ್ಲಿ. ಬ್ರಿಟನ್ನಿನಲ್ಲಿ 1947ರಲ್ಲಿ ಈ ಯೋಜನೆ ಬಂತು. ಭಾರತ 1948ರಲ್ಲೇ ಡಾಕ್ ಕಾರ್ಮಿಕರ ಕಾಯ್ದೆ ಮಾಡಿತು. ಅದರಡಿ ಬಾಂಬೆ, ಕಲ್ಕತ್ತಾ, ಮದ್ರಾಸು ಬಂದರುಗಳಿಗೆ ಡಾಕ್ ಲೇಬರ್ ಬೋರ್ಡುಗಳು ಬಂದವು. ಮಲೇಷ್ಯಾ 1965ರಲ್ಲಿ ಬಂದರು ಕಾರ್ಮಿಕರ ಕಾಯ್ದೆ ತಂದಿತು. ಅದರಡಿ ಪೆನಾಂಗಿಗೆ ಪೋರ್ಟ್ ಲೇಬರ್ ಬೋರ್ಡ್ ಆಯಿತು.

ಇಂಥ ಯೋಜನೆಗಳ ಒಳಗಿನ ವಿಧಾನ ಸರಳ. ಮೊದಲು ಕಾರ್ಮಿಕರ ಹೆಸರು ಪಟ್ಟಿಗೆ ಸೇರಿಸಿ ನಂಬರು ಕೊಡುವುದು. ಪಟ್ಟಿಯಲ್ಲಿ ಇಲ್ಲದವರನ್ನು ಹಡಗಿನ ಕೆಲಸಕ್ಕೆ ಕರೆಯುವಂತಿಲ್ಲ. ಕೆಲಸ ಹಂಚುವುದು ಬೋರ್ಡು, ಸರದಿಯ ಪ್ರಕಾರ. ಹಡಗಿನ ಏಜೆಂಟರು ಕೂಲಿಯ ಮೇಲೆ ಸ್ವಲ್ಪ ಹೆಚ್ಚುವರಿ ಹಣ ಬೋರ್ಡಿಗೆ ಕಟ್ಟಬೇಕು. ಆ ನಿಧಿಯಿಂದ ರಜೆ, ವೈದ್ಯಕೀಯ, ಮತ್ತು ಹಾಜರಾಗಿಯೂ ಕೆಲಸ ಸಿಗದ ದಿನದ ಹಾಜರಿ ಭತ್ಯೆ. ಅಂದರೆ ಕಾಯುವಿಕೆಯ ಖರ್ಚು ಕೂಲಿಯವನ ಹೊಟ್ಟೆಯಿಂದ ಎದ್ದು ಹಡಗಿನವರ ಬಿಲ್ಲಿಗೆ ಬಂದು ಕೂತಿತು.

ಇನ್ನೆರಡು ಬದಲಾವಣೆಗಳೂ ಇದೇ ಕಾಲದವು. 1951ರಲ್ಲಿ ಮಲಯಾದಲ್ಲಿ ನೌಕರರ ಭವಿಷ್ಯನಿಧಿ ಶುರುವಾಯಿತು. ಭಾರತದ ಪಿಎಫ್ ಕೂಡ ಹೆಚ್ಚುಕಡಿಮೆ ಅದೇ ಹೊತ್ತಿನದ್ದು. 1969ರ ಕಾಯ್ದೆಯಿಂದ ಕೆಲಸದಲ್ಲಿ ಗಾಯವಾದವರಿಗೆ ಸಾಮಾಜಿಕ ವಿಮೆ ಬಂತು. ಅಲ್ಲಿ ಅದನ್ನು ಸಾಕ್ಸೋ ಅಥವಾ ಪೆರ್ಕೆಸೊ ಅನ್ನುತ್ತಾರೆ.

ದುಡಿಮೆ ಇತ್ತು, ಕಾಗದ ಇರಲಿಲ್ಲ

1957ರಲ್ಲಿ ಮಲಯಾ ಸ್ವತಂತ್ರವಾಯಿತು. ಪೌರತ್ವಕ್ಕೆ ಅರ್ಜಿ ಹಾಕುವ ಅವಕಾಶ ಭಾರತೀಯರಿಗೂ ಇತ್ತು. ಆದರೆ ಎಷ್ಟೋ ಕಾರ್ಮಿಕರು ಹಾಕಲೇ ಇಲ್ಲ. ಕೆಲವರಿಗೆ ಗೊತ್ತಿರಲಿಲ್ಲ. ಕೆಲವರಿಗೆ ಹುಟ್ಟಿದ ದಾಖಲೆ ಇರಲಿಲ್ಲ. ಇನ್ನು ಕೆಲವರು 'ಹೇಗೂ ಒಂದು ದಿನ ಊರಿಗೆ ಹೋಗುವವರು' ಅಂತ ಸುಮ್ಮನಿದ್ದರು.

1969ರ ಮೇ 13ರ ಗಲಭೆಯ ನಂತರ ಸರ್ಕಾರ ನಿಯಮ ಬಿಗಿ ಮಾಡಿತು. ಪೌರತ್ವ ಇಲ್ಲದವರು ಕೆಲಸ ಮಾಡಬೇಕಾದರೆ ವರ್ಕ್ ಪರ್ಮಿಟ್ ಬೇಕು. ನೀಲಿ ಗುರುತಿನ ಚೀಟಿ ಇದ್ದವನು ಪೌರ, ಕೆಂಪು ಚೀಟಿ ಇದ್ದವನು ಬರೀ ನಿವಾಸಿ. ಇಪ್ಪತ್ತು ಮೂವತ್ತು ವರ್ಷ ದುಡಿದವರೂ ಚೀಟಿಯ ಬಣ್ಣದ ಮೇಲೆ ಕೆಲಸ ಕಳೆದುಕೊಂಡರು. ಆಗ ಸುಮಾರು 60,000 ಭಾರತೀಯರು ವಾಪಸ್ ಹೋದರು ಎಂದು ಅಂದಾಜು. ಹಿಂತಿರುಗಿದವರಿಗೆ ಊರಿನಲ್ಲಿ ಮನೆಯೂ ಇರಲಿಲ್ಲ, ಗುರುತಿಸುವವರೂ ಕಡಿಮೆ.

ಪೆಟ್ಟಿಗೆ ಬಂತು, ಹೆಗಲು ಖಾಲಿಯಾಯಿತು

1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮೆಕ್ಲೀನ್ 58 ಪೆಟ್ಟಿಗೆಗಳನ್ನು ಹೇರಿದ ಹಡಗನ್ನು ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದರು. ಬಿಡಿ ಸರಕು ಹೇರಲು ಟನ್ನಿಗೆ 5.83 ಡಾಲರ್ ಆಗುತ್ತಿದ್ದ ಕಡೆ ಕಂಟೇನರಿನಲ್ಲಿ 16 ಸೆಂಟಿಗೂ ಕಡಿಮೆ ಆಯಿತು. ಉಳಿದ ದುಡ್ಡಿನಲ್ಲಿ ದೊಡ್ಡ ಪಾಲು ಎಲ್ಲಿಂದ ಬಂತು? ಕೂಲಿಯಿಂದ.

ಪೋರ್ಟ್ ಸ್ವೆಟೆನ್‌ಹ್ಯಾಮ್ 1972ರಲ್ಲಿ ಪೋರ್ಟ್ ಕ್ಲಾಂಗ್ ಆಯಿತು. ಮರುವರ್ಷವೇ ಅಲ್ಲಿ ಕಂಟೇನರ್ ಧಕ್ಕೆ ಬಂತು. ತಂಡಗಟ್ಟಲೆ ಜನ ದಿನಗಟ್ಟಲೆ ಇಳಿಸುತ್ತಿದ್ದ ಸರಕನ್ನು ಕ್ರೇನು ಗಂಟೆಗಳಲ್ಲಿ ಇಳಿಸತೊಡಗಿತು. ಬೆನ್ನು ಮುರಿಯುವ ಕೆಲಸ ಹೋದದ್ದು ಒಳ್ಳೆಯದೇ. ಆದರೆ ಬೆನ್ನಿನ ಜೊತೆಗೆ ಆ ಸಂಬಳವೂ ಹೋಯಿತು. ರಿಜಿಸ್ಟರಿನಲ್ಲಿ ಹೆಸರಿದ್ದವರಿಗೆ ಪರಿಹಾರವೋ ಬೇರೆ ಕೆಲಸವೋ ಕೇಳಲು ಒಂದು ಹಿಡಿತವಿತ್ತು. ಹೆಸರಿಲ್ಲದ ಬಿಡಿ ಕೂಲಿಗಳಿಗೆ ಅದೂ ಇಲ್ಲ.

1986ರಲ್ಲಿ ಪೋರ್ಟ್ ಕ್ಲಾಂಗಿನ ಕಂಟೇನರ್ ಟರ್ಮಿನಲ್ ಖಾಸಗಿಯವರ ಕೈಗೆ ಹೋಯಿತು. ಮಲೇಷ್ಯಾದ ಖಾಸಗೀಕರಣದಲ್ಲಿ ಇದು ಮೊದಲ ದೊಡ್ಡ ಹೆಜ್ಜೆಗಳಲ್ಲೊಂದು. ನೌಕರರಿಗೆ ಕೊಟ್ಟ ಭರವಸೆ ಎರಡು: ಈಗಿರುವುದಕ್ಕಿಂತ ಕಡಿಮೆಯಲ್ಲದ ಷರತ್ತು, ಐದು ವರ್ಷ ಯಾರನ್ನೂ ತೆಗೆಯುವುದಿಲ್ಲ. ಬರಹದಲ್ಲಿ ಸಿಕ್ಕ ಆ ಭರವಸೆ ಕಾಯಂ ನೌಕರರಿಗೆ ಮಾತ್ರ.

2023ರಲ್ಲಿ ಪೋರ್ಟ್ ಕ್ಲಾಂಗ್ ದಾಟಿದ್ದು 1.4 ಕೋಟಿಗೂ ಹೆಚ್ಚು ಕಂಟೇನರುಗಳು, ಇಪ್ಪತ್ತಡಿ ಪೆಟ್ಟಿಗೆಯ ಲೆಕ್ಕದಲ್ಲಿ. ಕ್ರೇನಿನ ಮೇಲೆ ಕೂತವನು ಈಗ ತರಬೇತಿ ಪಡೆದ ನೌಕರ. ಕಂಟೇನರಿಗೆ ಸರಳು ಬಿಗಿಯುವವ, ಟ್ರೇಲರ್ ಓಡಿಸುವವ, ಗೋಡೌನಿನಲ್ಲಿ ಪೆಟ್ಟಿಗೆ ಬಿಚ್ಚಿ ಸರಕು ಇಳಿಸುವವ ಇನ್ನೂ ಬೇಕು. ಇಂಥ ಕೆಲಸ ಯಾವ ದೇಶದ ಬಂದರಿನಲ್ಲೇ ಆಗಲಿ ಗುತ್ತಿಗೆಗೆ ಹೋಗುವುದು ಸುಲಭ. ಗುತ್ತಿಗೆಗೆ ಹೋದಲ್ಲಿ ಕಾಯುವ ದಿನದ ಹಳೆಯ ಪ್ರಶ್ನೆಯೂ ಹಿಂದೆಯೇ ಬರುತ್ತದೆ.

ಈಗ ಹೋಗುವವರು ತಿಳಿದಿರಬೇಕಾದದ್ದು

ಮಲೇಷ್ಯಾದಲ್ಲಿ 2023ರ ಜನವರಿಯಿಂದ ವಾರದ ಕೆಲಸದ ಮಿತಿ 48 ಗಂಟೆಯಿಂದ 45ಕ್ಕೆ ಇಳಿದಿದೆ. ಕನಿಷ್ಠ ವೇತನ 2025ರಿಂದ ತಿಂಗಳಿಗೆ 1,700 ರಿಂಗಿಟ್. ವಿದೇಶಿ ಕಾರ್ಮಿಕರನ್ನು 2019ರಿಂದ ಸಾಕ್ಸೋ ವಿಮೆಗೆ ಸೇರಿಸಲಾಗಿದೆ. 2025ರ ಅಕ್ಟೋಬರ್ ಸಂಬಳದಿಂದ ಭವಿಷ್ಯನಿಧಿಯೂ ಕಡ್ಡಾಯ: ಕಾರ್ಮಿಕನಿಂದ ಶೇ. 2, ಮಾಲೀಕನಿಂದ ಶೇ. 2. ಇನ್ನೊಬ್ಬರ ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವುದು ಅಲ್ಲಿನ ಕಾನೂನಿನಲ್ಲಿ ಅಪರಾಧ.

ಭಾರತದ ಕಡೆಯಿಂದ ನೋಡಿದರೆ, ಹತ್ತನೇ ತರಗತಿ ಪಾಸಾಗದವರ ಇಸಿಆರ್ ಪಾಸ್‌ಪೋರ್ಟಿಗೆ ವಲಸೆ ಅನುಮತಿ ಬೇಕಾದ ದೇಶಗಳ ಪಟ್ಟಿಯಲ್ಲಿ ಗಲ್ಫ್ ದೇಶಗಳ ಜೊತೆ ಮಲೇಷ್ಯಾವೂ ಇದೆ. ಆ ದಾರಿಯಲ್ಲಿ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ ಅಪಘಾತದ ಸಾವು ಅಥವಾ ಶಾಶ್ವತ ಅಂಗವಿಕಲತೆಗೆ 10 ಲಕ್ಷ ರೂಪಾಯಿ ವಿಮೆ ಇರುತ್ತದೆ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿದವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹಳೆಯ ಧಕ್ಕೆಯ ಬಿಡಿ ಕೂಲಿಯ ಸ್ಥಿತಿ ಅದೇ.

ಸಂಘ ಕಟ್ಟುವ ಹಕ್ಕು ಎಲ್ಲ ದೇಶದಲ್ಲೂ ಇಲ್ಲ. ಆದರೆ ಲೆಕ್ಕ ಇಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಕೆಲಸಕ್ಕೆ ಸೇರುವಾಗ ಮೂರು ಪ್ರಶ್ನೆ ಕೇಳಬೇಕು, ಉತ್ತರ ಕರಾರು ಪತ್ರದಲ್ಲಿ ಇದೆಯೇ ನೋಡಬೇಕು: ತಿಂಗಳಿಗೆ ಎಷ್ಟು ದಿನದ ಸಂಬಳ ಖಚಿತ? ಕೆಲಸ ಇಲ್ಲದ ದಿನ ಮೂಲ ಸಂಬಳ ಸಿಗುತ್ತದೆಯೇ? ಸಂಬಳ ಕೊಡುವವನು ಕೆಲಸ ಮಾಡಿಸುವ ಕಂಪನಿಯೋ, ಸಪ್ಲೈ ಕಂಪನಿಯೋ?

ಸೇರಿದ ಮೇಲೆ ಒಂದು ಸಣ್ಣ ಡೈರಿ ಸಾಕು. ದಿನಾಂಕ, ಹೋದ ಹೊತ್ತು, ಬಿಟ್ಟ ಹೊತ್ತು, ಜಾಗ, ಕೆಲಸ ಇಲ್ಲದೆ ಕೂರಿಸಿದ ದಿನ. ಸಂಬಳದ ಚೀಟಿ ಮತ್ತು ಬ್ಯಾಂಕಿಗೆ ಬಂದ ಹಣದ ಮೆಸೇಜು ಇವೆರಡರ ಫೋಟೊ ತೆಗೆದು ಊರಿನಲ್ಲಿ ಮನೆಯವರಿಗೂ ಕಳಿಸಿರಬೇಕು. ಲೇಬರ್ ಕೋರ್ಟಿಗೋ ರಾಯಭಾರ ಕಚೇರಿಗೋ ಹೋಗುವ ಹೊತ್ತು ಬಂದರೆ ಅಧಿಕಾರಿ ಮೊದಲು ಕೇಳುವುದೇ ದಾಖಲೆಯನ್ನು. ಪೆನಾಂಗಿನ ಕೂಲಿಯವನಿಗೆ ಆ ದಾಖಲೆ ಇಡಲು ಒಂದು ಬೋರ್ಡು ಬರಬೇಕಾಯಿತು, ಅದಕ್ಕೆ 1965ರವರೆಗೆ ಕಾಯಬೇಕಾಯಿತು. ಈಗ ಅದು ಪ್ರತಿಯೊಬ್ಬರ ಮೊಬೈಲಿನಲ್ಲೇ ಇಡಬಹುದು.